ಹಳ್ಳಿಗೊಂದು ಪಾರ್ಕ್: ಕಟ್ಟಿದ್ದಾಯ್ತು, ಬೀಗದ ಕೈ ಯಾರ ಹತ್ರ ಇದೆ?

ನಮ್ಮ ಪಂಚಾಯಿತಿ ಕಚೇರಿ ಪಕ್ಕದಲ್ಲಿ ಒಂದು ಪಾರ್ಕ್ ಇತ್ತು. ಇತ್ತು ಅಂದರೆ, ಬೋರ್ಡ್ ಇತ್ತು. ತಂತಿ ಬೇಲಿ, ಕಬ್ಬಿಣದ ಗೇಟು, ಉದ್ಘಾಟನೆಯ ಕಲ್ಲು, ಒಂದು ಜಾರುಬಂಡೆ, ಉಯ್ಯಾಲೆಯ ಎರಡು ಕಂಬ. ಉಯ್ಯಾಲೆಯ ಸರಪಳಿ ಯಾವತ್ತೋ ಕಾಣೆಯಾಗಿತ್ತು. ಒಳಗೆಲ್ಲ ಸೊಂಟದೆತ್ತರ ಕಾಂಗ್ರೆಸ್ ಗಿಡ, ಗೇಟಿಗೆ ತುಕ್ಕು ಹಿಡಿದ ಬೀಗ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಸದಸ್ಯೆಯಾದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಆ ಬೀಗದ ಕೈ ಯಾರ ಹತ್ರ ಇದೆ?" ಪಿಡಿಒ ಅವರು ಬಿಲ್ ಕಲೆಕ್ಟರ್ ಕಡೆ ನೋಡಿದರು. ಬಿಲ್ ಕಲೆಕ್ಟರ್ ನೀರುಗಂಟಿ ಕಡೆ ನೋಡಿದರು. ನೀರುಗಂಟಿ ಹೇಳಿದ್ದು: "ಅಕ್ಕ, ಅದು ಹಿಂದಿನ ಬಾಡೀಲೇ ಕಳೆದೋಯ್ತು."

ಐದು ವರ್ಷ ಈ ಪಾರ್ಕು, ಮೈದಾನದ ಹಿಂದೆ ಓಡಾಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಹಳ್ಳಿಯಲ್ಲಿ ಪಾರ್ಕ್ ಕಟ್ಟೋಕೆ ಹೇಗೋ ದುಡ್ಡು ಬರುತ್ತೆ, ನಡೆಸೋಕೆ ಬರಲ್ಲ. ಕಟ್ಟಿದವರ ಹೆಸರು ಕಲ್ಲಿನ ಮೇಲೆ ಇರುತ್ತೆ, ನಡೆಸುವವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲ್ಲ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ನಿಮ್ಮೂರಿನದು ಬೇರೆ ಥರ ಇದ್ದರೆ ಸಂತೋಷ. ಇಲ್ಲದಿದ್ದರೆ, ಮುಂದಿನ ಸಲ ಆಯ್ಕೆಯಾಗುವ ಸದಸ್ಯರಿಗೆ, ಯುವಕ ಸಂಘದವರಿಗೆ, ಊರಿನ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಲಿ ಅಂತ ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ. ಊರಿನ ಹೆಸರು ಬೇಡ. ಹಳೇ ಮೈಸೂರು ಸೀಮೆಯ ಒಂದು ಪಂಚಾಯಿತಿ ಅಂದುಕೊಳ್ಳಿ.

ಮೊದಲು ಕಾನೂನಿನ ಮಾತು, ಚಿಕ್ಕದಾಗಿ. "ಪಾರ್ಕು, ಆಟ ಎಲ್ಲ ನಮ್ಮ ಕೆಲಸ ಅಲ್ಲ, ನಮ್ಮದು ರಸ್ತೆ, ಚರಂಡಿ, ನೀರು" ಅಂತ ಹೇಳುವ ಸದಸ್ಯರು ಎಲ್ಲ ಕಡೆ ಇದ್ದಾರೆ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮ ಪಂಚಾಯಿತಿಯ ಕೆಲಸಗಳ ಅನುಸೂಚಿ ಒಂದಿದೆ. ಅದರಲ್ಲಿ ಸಾರ್ವಜನಿಕ ಉದ್ಯಾನ, ಆಟದ ಮೈದಾನಗಳ ನಿರ್ವಹಣೆ ಸೇರಿದೆ, ಗ್ರಂಥಾಲಯ ಸೇರಿದೆ, ಸಾಂಸ್ಕೃತಿಕ ಚಟುವಟಿಕೆಯೂ ಸೇರಿದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಸಭೆಗೆ ತಗೊಂಡು ಹೋಗಿ. ನನಗೆ ಅದು ಕೊಟ್ಟಷ್ಟು ಬಲ ಭಾಷಣ ಕೊಡಲಿಲ್ಲ.

ಜಾಗ ಯಾರದು?

ಪಾರ್ಕಿನ ಕಥೆ ಹಾಗಿರಲಿ. ನಮಗೆ ನಿಜವಾದ ಪೆಟ್ಟು ಬಿದ್ದದ್ದು ಮೈದಾನದಲ್ಲಿ. ಊರಾಚೆ ಒಂದು ಎಕರೆಗೂ ಮೀರಿದ ಬಯಲು. ನಮ್ಮಪ್ಪ ಅಲ್ಲಿ ಚಿನ್ನಿದಾಂಡು ಆಡಿದವರು, ನಾವು ಖೋ ಖೋ ಆಡಿದವರು, ಈಗಿನ ಹುಡುಗರು ಕ್ರಿಕೆಟ್ ಆಡುವವರು. ಎಲ್ಲರೂ ಅದನ್ನು "ಫೀಲ್ಡು" ಅಂತಲೇ ಕರೆಯೋದು. ಒಂದು ದಿನ ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಹೋದರು. ವಿಚಾರಿಸಿದರೆ ಗೋದಾಮಿಗೆ ಜಾಗ ನೋಡ್ತಿದ್ದಾರೆ ಅಂತ ಗೊತ್ತಾಯ್ತು. ಓಡಿಹೋಗಿ ಪಹಣಿ ತೆಗೆಸಿದೆವು. ಅದರಲ್ಲಿ ಇದ್ದದ್ದು "ಸರ್ಕಾರಿ ಖರಾಬು". ಮೈದಾನ ಅನ್ನೋ ಪದವೇ ಇಲ್ಲ. ಮೂರು ತಲೆಮಾರು ಆಡಿದ್ದಕ್ಕೆ ಕಾಗದದ ಮೇಲೆ ಒಂದು ಅಕ್ಷರದ ಸಾಕ್ಷಿಯೂ ಇರಲಿಲ್ಲ.

ಇದರಲ್ಲಿ ಯಾರದೋ ಕುತಂತ್ರ ಇತ್ತು ಅಂತ ನಾನು ಹೇಳಲ್ಲ. ತಾಲ್ಲೂಕಿನಲ್ಲಿ ಗೋದಾಮಿಗೆ ಜಾಗ ಹುಡುಕುವವರು ಪಹಣಿ ನೋಡ್ತಾರೆ, ಪಹಣಿಯಲ್ಲಿ ಖಾಲಿ ಸರ್ಕಾರಿ ಜಾಗ ಅಂತ ಕಾಣುತ್ತೆ, ಬರೀತಾರೆ. ನಮ್ಮ ಹಳ್ಳಿಗಳ ಅರ್ಧಕ್ಕರ್ಧ ಮೈದಾನಗಳು ಹೀಗೇ ಗೋಮಾಳವೋ, ಗುಂಡುತೋಪೋ, ಖರಾಬೋ, ಶಾಲೆಯ ಹೆಸರಿನ ಜಾಗವೋ ಆಗಿರುತ್ತವೆ. ಜನರ ನೆನಪಿನಲ್ಲಿ ಮೈದಾನ, ಕಂದಾಯ ದಾಖಲೆಯಲ್ಲಿ ಇನ್ನೇನೋ.

ಪರಿಹಾರ ಇದೆ, ಆದರೆ ನಿಧಾನ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 71ನೇ ಕಲಂ ಪ್ರಕಾರ ಸರ್ಕಾರಿ ಜಾಗವನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಹಾಗೆ ಕಾಯ್ದಿರಿಸಿದ ಜಾಗವನ್ನು ಮತ್ತೆ ಮಂಜೂರಾತಿ ಇಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ನಾವು ಮಾಡಿದ್ದು ಇಷ್ಟು: ವಾರ್ಡ್ ಸಭೆ, ಗ್ರಾಮ ಸಭೆ ಎರಡರಲ್ಲೂ ನಿರ್ಣಯ, ಸರ್ವೆ ಸ್ಕೆಚ್, ಶಾಲೆಯ ಹಳೇ ಕ್ರೀಡಾಕೂಟದ ಫೋಟೋಗಳು, ಎಲ್ಲ ಸೇರಿಸಿ ತಹಶೀಲ್ದಾರರ ಮೂಲಕ ಅರ್ಜಿ. ಗೋಮಾಳ ಆಗಿದ್ದರೆ ಇನ್ನೊಂದು ತೊಡಕು ಎದುರಾಗುತ್ತಿತ್ತು. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಉಳಿಸಬೇಕು ಅಂತ ನಿಯಮ ಇದೆ. ಕಡಿಮೆ ಇದ್ದರೆ ಬೇರೆಯದಕ್ಕೆ ಕೊಡೋದು ಕಷ್ಟ. ದನ ಮೇಯೋ ಜಾಗ ಕಿತ್ಕೊಂಡು ಮೈದಾನ ಮಾಡೋದು ನ್ಯಾಯವೂ ಅಲ್ಲ.

ಕೋರ್ಟಿನ ಎರಡು ತೀರ್ಪು ನೆನಪಿಟ್ಟುಕೊಳ್ಳಿ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಳ್ಳಿಗಳ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಊರಿನ ಬಳಕೆಗೆ ವಾಪಸ್ ಕೊಡಬೇಕು, ಅದಕ್ಕೆ ಯೋಜನೆ ರೂಪಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಅದಕ್ಕೂ ಮುಂಚೆ, 1991ರಲ್ಲಿ, ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅದೇ ಕೋರ್ಟ್ ರದ್ದು ಮಾಡಿತ್ತು. ಮುದ್ದಪ್ಪ ಪ್ರಕರಣ ಅಂತ ವಕೀಲರಿಗೆ ಗೊತ್ತಿರುತ್ತೆ. ಕಬ್ಬನ್ ಪಾರ್ಕು, ಲಾಲ್‌ಬಾಗಿಗಂತೂ 1975ರಿಂದಲೇ ಪ್ರತ್ಯೇಕ ಕಾಯ್ದೆಯ ರಕ್ಷಣೆ. ನಮ್ಮ ಫೀಲ್ಡಿಗೆ ಅಷ್ಟು ದೊಡ್ಡ ಕಾಯ್ದೆ ಬೇಡ, ಪಹಣಿಯಲ್ಲಿ ಒಂದು ಸಾಲು ಬಂದರೆ ಸಾಕಿತ್ತು.

ಆ ಸಾಲು ಬರೋಕೆ ಎರಡೂವರೆ ವರ್ಷ ಹಿಡೀತು. ಪೂರ್ತಿ ಜಾಗವೂ ಸಿಗಲಿಲ್ಲ, 20 ಗುಂಟೆ ಮೈದಾನಕ್ಕೆ ಕಾಯ್ದಿರಿಸಿದರು. ಉಳಿದದ್ದರಲ್ಲಿ ಗೋದಾಮು ಬಂತು. ನಾನು ಸೋತೆನೋ ಗೆದ್ದೆನೋ ಅಂತ ಊರಲ್ಲಿ ಈಗಲೂ ಎರಡು ಮಾತಿದೆ. ಕ್ರಿಕೆಟ್ ಹುಡುಗರು ನನ್ನ ಜೊತೆ ಆರು ತಿಂಗಳು ಮಾತಾಡಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಪಾರ್ಕಿಗೆ ಹೊಸ ಜಾಗ ಹುಡುಕುವಾಗ ಎಲ್ಲರ ಬಾಯಲ್ಲೂ ಮೊದಲು ಬರೋದು "ದೇವಸ್ಥಾನದ ಮುಂದೆ ಇದೆಯಲ್ಲ". ನೋಡೋಕೆ ಚೆಂದ, ನೆರಳಿದೆ, ನೀರಿದೆ. ಆದರೆ ಕಾಲೋನಿಯ ಮಕ್ಕಳು ಅಲ್ಲಿಗೆ ಸಲೀಸಾಗಿ ಬರ್ತಾವಾ? ನಮ್ಮಲ್ಲಿ ಬರಲ್ಲ. ಯಾರೂ ಬಾಯಿಬಿಟ್ಟು ಬೇಡ ಅನ್ನಲ್ಲ, ಆ ಮಕ್ಕಳೇ ದೂರ ನಿಂತು ನೋಡಿ ವಾಪಸ್ ಹೋಗ್ತಾವೆ. ಎಲ್ಲ ಕೇರಿಯವರೂ ಈಗಾಗಲೇ ಓಡಾಡುವ ಜಾಗ ಯಾವುದು ಅಂತ ನೋಡಿ. ಸಾಮಾನ್ಯವಾಗಿ ಅದು ಬಸ್ ಸ್ಟ್ಯಾಂಡಿನ ಪಕ್ಕವೋ, ಶಾಲೆಯ ಪಕ್ಕವೋ, ಹಾಲಿನ ಡೈರಿಯ ಪಕ್ಕವೋ ಇರುತ್ತೆ.

ದುಡ್ಡಿನ ಲೆಕ್ಕ

ನಮ್ಮ ಅವಧಿಯಲ್ಲಿ ಆಟದ ಮೈದಾನ ಅನ್ನೋದು ನರೇಗಾ ಕಾಮಗಾರಿ ಪಟ್ಟಿಯಲ್ಲೇ ಇತ್ತು. ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚೆಂದರೆ ಶೇ 40. ಜಾಲಿ ಕಡಿದು, ನೆಲ ಮಟ್ಟ ಮಾಡಿ, ಕೆಂಪು ಮಣ್ಣು ಹಾಕಿ, ಸುತ್ತ ಸಸಿ ನೆಡೋದು ಹೆಚ್ಚಾಗಿ ಕೈಕೆಲಸವೇ. ಹಾಗಾಗಿ ಲೆಕ್ಕ ಸರಿಯಾಗಿ ಕೂರುತ್ತಿತ್ತು. ಶಾಲಾ ಕಾಂಪೌಂಡುಗಳೂ ಇದೇ ದಾರಿಯಲ್ಲಿ ಬಂದವು. ಕಾಂಪೌಂಡು ಬಂದದ್ದರಿಂದ ಆದ ಒಂದು ತಮಾಷೆ ಕೇಳಿ: ಮೊದಲು ಗೋಡೆ ಇರಲಿಲ್ಲ, ಮಕ್ಕಳು ಸಂಜೆ ಶಾಲೆ ಮೈದಾನದಲ್ಲಿ ಆಡುತ್ತಿದ್ದವು. ಗೋಡೆ, ಗೇಟು ಬಂದ ಮೇಲೆ ನಾಲ್ಕೂವರೆಗೆ ಬೀಗ. ಇದನ್ನು ಬಿಡಿಸಿಕೊಳ್ಳೋಕೆ ಎಸ್‌ಡಿಎಂಸಿ ಮುಂದೆ ಹೋಗಿ, ರಜೆ ದಿನ ಮತ್ತು ಸಂಜೆ ಯಾರು ಗೇಟು ತೆಗೀತಾರೆ, ಏನಾದರೂ ಒಡೆದರೆ ಯಾರು ಕಟ್ಟಿಕೊಡ್ತಾರೆ ಅಂತ ಕಾಗದದಲ್ಲಿ ಬರೆದು ಕೊಡಬೇಕಾಯ್ತು. ಹೊಸ ಮೈದಾನ ಮಾಡುವ ಮುಂಚೆ, ಇರುವ ಶಾಲೆ ಮೈದಾನದ ಬೀಗ ತೆಗೆಸಿ. ಬಹಳ ಊರಿಗೆ ಅಷ್ಟೇ ಸಾಕು.

15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಬಂದ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ 40ನ್ನು ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮತ್ತು ಆಡಳಿತ ವೆಚ್ಚಕ್ಕೆ ಬಳಸುವ ಹಾಗಿರಲಿಲ್ಲ. ಅಂದರೆ ಬೆಂಚು ಹಾಕಬಹುದು, ಬೆಂಚಿನ ಕೆಳಗೆ ಗುಡಿಸುವವರಿಗೆ ಸಂಬಳ ಕೊಡೋಕಾಗಲ್ಲ. ಶಾಸಕರ ನಿಧಿಯೂ ಹಾಗೇ, ಕಟ್ಟೋ ಕೆಲಸಕ್ಕೆ. ಮೈದಾನದ ಪಕ್ಕ ಒಂದು ಶೌಚಾಲಯ ಬೇಕೇ ಬೇಕು ಅಂತ ನಾನು ಹಟ ಹಿಡಿದಾಗ, ಅದನ್ನು ಆ ಶೇ 60ರ ನೈರ್ಮಲ್ಯದ ಬಾಬತ್ತಿನಲ್ಲಿ ಸೇರಿಸಬಹುದು ಅಂತ ದಾರಿ ತೋರಿಸಿದ್ದು ನಮ್ಮ ಕಾರ್ಯದರ್ಶಿ. ಮೈದಾನಕ್ಕೆ ಇಳಿಜಾರು ಹಾದಿ ಹಾಕಿದ್ದು, ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆ ಮೀಸಲಿಡುವ ಶೇ 5ರಲ್ಲಿ. ಹೀಗೆ ಚೂರು ಚೂರು ಸೇರಿಸೋದೇ ಕೆಲಸ.

ಈಗ ನಡೆಸೋ ಖರ್ಚಿಗೆ ಬರೋಣ. ಪಂಚಾಯಿತಿಯಲ್ಲಿ ನೀರಿಗೆ ಒಬ್ಬರು, ವಸೂಲಿಗೆ ಒಬ್ಬರು, ಕಂಪ್ಯೂಟರಿಗೆ ಒಬ್ಬರು, ಕಸಕ್ಕೆ ಜನ ಇದ್ದಾರೆ. ಪಾರ್ಕಿಗೆ ಯಾರೂ ಇಲ್ಲ. ಮನೆ ಕಂದಾಯದ ಮೇಲೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಪರಿಹಾರ ಅಂತ ಕರ ಸೇರುತ್ತೆ, ಗ್ರಂಥಾಲಯದ್ದು ಶೇ 6. ಆಟಕ್ಕೆ ಅಂತ ಒಂದು ಪೈಸೆಯ ಬಾಬತ್ತೂ ಇಲ್ಲ. ಹಾಗಾದರೆ ಉಳಿಯೋದು ಸ್ವಂತ ವರಮಾನ: ಕಂದಾಯ, ಸಂತೆ ಸುಂಕ, ಅಂಗಡಿ ಮಳಿಗೆ ಬಾಡಿಗೆ. ಒಂದು ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಇರುವ ಒಬ್ಬರಿಗೆ ತಿಂಗಳಿಗೆ 4,000 ರೂಪಾಯಿ ಗೌರವಧನ ಅಂದರೆ ವರ್ಷಕ್ಕೆ 48,000. ಊರಲ್ಲಿ 800 ಮನೆ ಇದ್ದರೆ ಮನೆಗೆ ವರ್ಷಕ್ಕೆ 60 ರೂಪಾಯಿ. ದೊಡ್ಡ ಮೊತ್ತ ಏನಲ್ಲ. ಆದರೆ ಅದನ್ನು ಬಜೆಟ್ ಸಭೆಯಲ್ಲೇ ಒಂದು ಸಾಲಾಗಿ ಬರೆಸಬೇಕು. ಬಜೆಟ್ಟಿನಲ್ಲಿ ಇಲ್ಲದ್ದಕ್ಕೆ ಬಿಲ್ ಆಗಲ್ಲ, ಬಿಲ್ ಆಗದ ಕೆಲಸ ಎರಡು ತಿಂಗಳ ಮೇಲೆ ಯಾರೂ ಮಾಡಲ್ಲ. ನಾವು ಅದನ್ನು ಸ್ತ್ರೀಶಕ್ತಿ ಸಂಘವೊಂದಕ್ಕೆ ವಹಿಸಿದೆವು. ಬೀಗದ ಕೈ ಅವರ ಹತ್ತಿರ, ಒಂದು ನಕಲು ಗ್ರಂಥಾಲಯದಲ್ಲಿ. ಸಂಘ ಅಂದರೆ ಒಬ್ಬರು ನೆಂಟರ ಮದುವೆಗೆ ಹೋದರೂ ಇನ್ನೊಬ್ಬರು ಇರುತ್ತಾರೆ.

ಹುಲ್ಲುಹಾಸು ಬೇಡ, ನೆರಳು ಬೇಕು

ಹಳ್ಳಿ ಪಾರ್ಕುಗಳ ದೊಡ್ಡ ತಪ್ಪು ಅಂದರೆ ಬೆಂಗಳೂರಿನ ಪಾರ್ಕ್ ನೋಡಿ ಎಸ್ಟಿಮೇಟ್ ಮಾಡೋದು. ಐದು ಗುಂಟೆ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಅಂದುಕೊಂಡರೂ ಸುಮಾರು 2,500 ಲೀಟರ್ ಬೇಕು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ 45 ಜನರ ನೀರು ಹುಲ್ಲಿಗೆ. ಮೂರು ದಿನಕ್ಕೊಮ್ಮೆ ನಲ್ಲಿ ಬಿಡುವ ಊರಲ್ಲಿ ಇದನ್ನು ಯಾರು ಒಪ್ಪುತ್ತಾರೆ? ಹೊಂಗೆ, ಬೇವು, ನೆಲ್ಲಿ ಹಾಕಿ. ಎರಡು ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತರೆ ಆಮೇಲೆ ಅವು ತಮ್ಮ ಪಾಡಿಗೆ ತಾವು ಬದುಕುತ್ತವೆ. ಹೊರಾಂಗಣ ಜಿಮ್ ಅಂತ ಹಳದಿ–ನೀಲಿ ಬಣ್ಣದ ಯಂತ್ರಗಳನ್ನು ಹಾಕಿಸುವ ಆಸೆ ಎಲ್ಲರಿಗೂ ಇರುತ್ತೆ. ಅದರ ಬೇರಿಂಗು, ನಟ್ಟು, ಬೋಲ್ಟು ಸಡಿಲವಾದರೆ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತೆ. ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದು ನೋಡುವವರು ಇಲ್ಲದಿದ್ದರೆ ಹಾಕಿಸಲೇ ಬೇಡಿ. ನಾವು ಹಾಕಿಸಲಿಲ್ಲ. ಅದಕ್ಕೂ ಬೈಸಿಕೊಂಡೆ.

20 ಗುಂಟೆಯಲ್ಲಿ ಏನು ಹಿಡಿಸುತ್ತೆ ಅಂತ ಬಹಳ ಜನ ಕೇಳ್ತಾರೆ. 400 ಮೀಟರ್ ಟ್ರ್ಯಾಕ್ ಮರೆತುಬಿಡಿ, ಅದಕ್ಕೇ ನಾಲ್ಕು ಎಕರೆ ಮೀರುತ್ತೆ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟರೂ ನಾಲ್ಕು ಗುಂಟೆಯೊಳಗೆ ಮುಗಿಯುತ್ತೆ. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ಹೆಣ್ಣುಮಕ್ಕಳ ಅಂಕಣ ಇನ್ನೂ ಚಿಕ್ಕದು, 12ಕ್ಕೆ 8. ಖೋ ಖೋ 27ಕ್ಕೆ 16. ಮೂರನ್ನೂ ಸೇರಿಸಿ, ಓಡಾಡೋಕೆ ಜಾಗ ಬಿಟ್ಟರೂ 15 ಗುಂಟೆ ದಾಟಲ್ಲ. ಅಂಚಿನಲ್ಲಿ ನಡೆಯೋ ಹಾದಿ ಮಾಡಿದೆವು. ಆರು ಸುತ್ತು ಹಾಕಿದರೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್. ಶುಗರ್ ಇರುವವರೆಲ್ಲ ಈಗ ಸುತ್ತು ಎಣಿಸಿಕೊಂಡೇ ನಡೀತಾರೆ. ನೆಲಕ್ಕೆ ಒಂದು ಕಡೆ ಸ್ವಲ್ಪ ಇಳಿಜಾರು ಕೊಡೋದು ಮರೀಬೇಡಿ. ನಾವು ಮೊದಲ ವರ್ಷ ಮರೆತು, ಮಳೆಗಾಲದಲ್ಲಿ ಮೈದಾನ ಕೆರೆಯಾಗಿ, ಮತ್ತೆ ಮಣ್ಣು ಹೊಡೆಸಿದೆವು.

ಹೆಣ್ಣುಮಕ್ಕಳ ಹೊತ್ತು

ಇಷ್ಟೆಲ್ಲ ಮಾಡಿದ ಮೇಲೂ ಮೈದಾನದಲ್ಲಿ ಇದ್ದವರು ಯಾರು? ಹದಿನೈದರಿಂದ ಇಪ್ಪತ್ತೈದರ ಹುಡುಗರು, ಅವರ ಟೆನ್ನಿಸ್ ಬಾಲ್ ಕ್ರಿಕೆಟ್ಟು. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕ್ರಿಕೆಟ್ ಎಂಥಾ ಆಟ ಅಂದರೆ, ಅದು ಶುರುವಾದರೆ ಪೂರ್ತಿ ಮೈದಾನ ಅದಕ್ಕೇ ಬೇಕು. ಮೂರು ಅಂಕಣದ ಜಾಗವನ್ನು ಒಂದೇ ಆಟ ನುಂಗುತ್ತೆ.

ಆ ವರ್ಷದ ಮಕ್ಕಳ ಗ್ರಾಮ ಸಭೆಯಲ್ಲಿ ಏಳನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ಫೀಲ್ಡು ಎಲ್ಲಾರ್ದೂ ಅಂತೀರ. ನಾವು ಯಾವಾಗ ಹೋಗ್ಬೇಕು?" ಮಕ್ಕಳ ಗ್ರಾಮ ಸಭೆ ಅಂದರೆ ಬಹಳ ಕಡೆ ಬಿಸ್ಕತ್ತು ಹಂಚಿ ಫೋಟೋ ತೆಗೆಸಿಕೊಳ್ಳೋ ಕಾರ್ಯಕ್ರಮ. ಅವತ್ತು ನಮ್ಮ ಅಧ್ಯಕ್ಷರಿಗೆ ಉತ್ತರ ಕೊಡೋಕಾಗಲಿಲ್ಲ, ನನಗೂ ಆಗಲಿಲ್ಲ. ಎಲ್ಲಿ ಹೋಗಬೇಕು ಅಂತ ನಾವು ಯೋಚಿಸಿದ್ದೆವು. ಯಾವಾಗ ಹೋಗಬೇಕು ಅಂತ ಯೋಚಿಸಿರಲಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ವೇಳಾಪಟ್ಟಿ ಮಾಡಿ ನಿರ್ಣಯ ಬರೆದೆವು. ಬೆಳಗ್ಗೆ ಏಳರವರೆಗೆ ನಡೆಯುವವರಿಗೆ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಹೆಣ್ಣುಮಕ್ಕಳಿಗೆ ಮತ್ತು ಚಿಕ್ಕವರಿಗೆ. ಆರರ ಮೇಲೆ ವಾಲಿಬಾಲ್, ಕಬಡ್ಡಿ. ಕ್ರಿಕೆಟ್ ಭಾನುವಾರ ಮಧ್ಯಾಹ್ನದವರೆಗೆ. ಇದನ್ನು ಗೇಟಿನ ಮೇಲೆ ಬರೆಸಿದ ರಾತ್ರಿಯೇ ಯಾರೋ ಸಗಣಿ ಬಳಿದರು. ಮತ್ತೆ ಬರೆಸಿದೆವು. ನಿಜವಾಗಿ ಕೆಲಸ ಮಾಡಿದ್ದು ಬೋರ್ಡಲ್ಲ, ನಾಲ್ಕೂವರೆಗೆ ಸರಿಯಾಗಿ ಬಂದು ಗೇಟು ತೆಗೆದು ಹೊಂಗೆ ಮರದ ಕೆಳಗೆ ಕೂರುತ್ತಿದ್ದ ಸಂಘದ ಹೆಂಗಸು. ದೊಡ್ಡವರೊಬ್ಬರು ಕೂತಿದ್ದಾರೆ ಅಂದರೆ ಮನೆಯವರು ಹುಡುಗಿಯರನ್ನು ಕಳಿಸುತ್ತಾರೆ. ಮೊದಲ ವಾರ ಆರು ಜನ ಬಂದರು. ಖೋ ಖೋಗೆ ಒಂದು ತಂಡಕ್ಕೆ ಹನ್ನೆರಡು ಬೇಕು, ಅಂಕಣದಲ್ಲಿ ಒಂಬತ್ತು. ಆರು ಜನ ಕುಂಟೆಬಿಲ್ಲೆ ಆಡಿದರು. ಎರಡು ತಿಂಗಳ ಹೊತ್ತಿಗೆ ಎರಡು ತಂಡ ಆಯ್ತು. ಶೌಚಾಲಯಕ್ಕೆ ಹಟ ಹಿಡಿದದ್ದು ಏಕೆ ಅಂತ ಆಗ ಉಳಿದ ಸದಸ್ಯರಿಗೂ ಅರ್ಥ ಆಯ್ತು.

ಹುಡುಗರನ್ನು ಹೊರಗಿಟ್ಟು ಯಾವ ಮೈದಾನವೂ ನಡೆಯಲ್ಲ ಅನ್ನೋದೂ ನಿಜ. ವರ್ಷಕ್ಕೊಮ್ಮೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಅವರದೇ ಜವಾಬ್ದಾರಿ ಅಂತ ಬಿಟ್ಟೆವು. ಷರತ್ತು ಎರಡು: ಲೈಟಿನ ಕರೆಂಟಿಗೆ ತಾತ್ಕಾಲಿಕ ಸಂಪರ್ಕ ತಗೋಬೇಕು, ಬೀದಿ ದೀಪದ ತಂತಿಗೆ ಕೊಕ್ಕೆ ಹಾಕುವಂತಿಲ್ಲ. ಮಾರನೇ ದಿನ ಪ್ಲಾಸ್ಟಿಕ್ ಲೋಟ ಆರಿಸಿ ಅಂಕಣಕ್ಕೆ ರೋಲರ್ ಹೊಡೆದು ಒಪ್ಪಿಸಬೇಕು. ಮೊದಲ ವರ್ಷ ಲೋಟ ಆರಿಸಿದ್ದು ನಾನೇ. ಆಮೇಲಿನ ವರ್ಷಗಳಲ್ಲಿ ಅವರು ಆರಿಸಿದರು.

ಎಲ್ಲ ಮಕ್ಕಳೂ ಓಡುವವರಲ್ಲ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರಲ್ಲಿ ಓದುವ ಬೆಳಕು ಶುರುವಾದ ಮೇಲೆ, ಅಲ್ಲಿ ಚೆಸ್ಸು, ಕೇರಂ, ಕಥೆ ಹೇಳೋದು, ಬೇಸಿಗೆ ಶಿಬಿರ ನಡೆಸೋಕೆ ಒಂದು ನೆಲೆ ಸಿಕ್ಕಿತು. ಹಳ್ಳಿ ಪಂಚಾಯಿತಿಯಲ್ಲಿ ಸಮಯಕ್ಕೆ ಸರಿಯಾಗಿ ತೆರೆಯುವ, ಒಬ್ಬ ಮೇಲ್ವಿಚಾರಕರಿರುವ ಜಾಗ ಅಂದರೆ ಅದೊಂದೇ. ಮೈದಾನದ ಚೆಂಡು, ನೆಟ್ಟು, ಪ್ರಥಮ ಚಿಕಿತ್ಸೆಯ ಡಬ್ಬಿ ನಾವು ಅಲ್ಲೇ ಇಟ್ಟೆವು. ಸಹಿ ಹಾಕಿ ಒಯ್ಯಬೇಕು, ಸಹಿ ಹಾಕಿ ತಂದಿಡಬೇಕು.

ನಮ್ಮ ಅವಧಿ ಮುಗಿಯೋ ಮುಂಚಿನ ವಾರ ಒಂದು ಫೈಲ್ ಮಾಡಿ ಕಾರ್ಯದರ್ಶಿಗೆ ಕೊಟ್ಟೆ, ಸ್ವೀಕೃತಿ ಹಾಕಿಸಿಕೊಂಡೆ. ಅದರಲ್ಲಿ ಕಾಯ್ದಿರಿಸಿದ ಆದೇಶದ ದೃಢೀಕೃತ ಪ್ರತಿ, ಹೊಸ ಪಹಣಿ, ಸರ್ವೆ ಸ್ಕೆಚ್, ವೇಳಾಪಟ್ಟಿಯ ನಿರ್ಣಯ, ಸಂಘದ ಜೊತೆಗಿನ ಒಪ್ಪಂದ, ಸಾಮಾನುಗಳ ಪಟ್ಟಿ ಇದೆ. ಹಳೇ ಪಾರ್ಕಿನ ಕೆಲಸ ಮಾತ್ರ ಪೂರ್ತಿ ಆಗಲಿಲ್ಲ. ಗಿಡ ತೆಗೆಸಿ, ಬೀಗ ಒಡೆಸಿ, ಉಯ್ಯಾಲೆಗೆ ಸರಪಳಿ ಹಾಕಿಸುವಷ್ಟರಲ್ಲಿ ದುಡ್ಡು, ದಿನ ಎರಡೂ ಮುಗಿದವು. ಜಾರುಬಂಡೆಯ ಮೂರನೇ ಮೆಟ್ಟಿಲು ಈಗಲೂ ಅಲ್ಲಾಡುತ್ತೆ. ಅದನ್ನೂ ಫೈಲಿನ ಕೊನೇ ಹಾಳೆಯಲ್ಲಿ ಬರೆದಿದ್ದೇನೆ.